ದೊಡ್ಡಮ್ಮ ಯಾಕೆ ಮಾತಾಡಲಿಲ್ಲ? ವಾಹಿನಿಯವರಿಗೆ ಒಂದು ಬಹಿರಂಗ ಪತ್ರ

ವಾಹಿನಿಯ ಕಾರ್ಯಕ್ರಮ ವಿಭಾಗದ ಮುಖ್ಯಸ್ಥರಿಗೆ, ಧಾರಾವಾಹಿಯ ನಿರ್ದೇಶಕರಿಗೆ, ಕಥೆ ಮತ್ತು ಸಂಭಾಷಣೆ ಬರೆಯುವವರಿಗೆ,

ನಮಸ್ಕಾರ.

ನಾನು ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನವಳು. ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ನಿಮ್ಮಲ್ಲಿ ರಾತ್ರಿ ಎಂಟೂವರೆಗೆ ಬರುವ, ಕೊಬ್ಬರಿ ಮಂಡಿ ಮನೆತನದ ಧಾರಾವಾಹಿಯನ್ನು ಮೊದಲ ದಿನದಿಂದ ನೋಡಿಕೊಂಡು ಬಂದವಳು. ಅದರ ಹೆಸರು ಇಲ್ಲಿ ಬರೆಯುವುದಿಲ್ಲ. ನೋಡುವವರಿಗೆ ಗೊತ್ತಾಗುತ್ತದೆ, ನಿಮಗಂತೂ ಗೊತ್ತೇ ಇದೆ. ಕಳೆದ ಶನಿವಾರ ನೀವು ತೋರಿಸಿದ ಒಂದು ಗಂಟೆಯ ಮಹಾಸಂಚಿಕೆಯ ಬಗ್ಗೆ ಈ ಪತ್ರ. ದೊಡ್ಡಮ್ಮ ಮನೆ ಬಿಟ್ಟು ಹೋದ ಸಂಚಿಕೆ.

ಮೊದಲು ದೊಡ್ಡಮ್ಮ ಅಂದರೆ ನಮಗೆ ಯಾರು ಅಂತ ಹೇಳಬೇಕು. ನೀವೇ ಸೃಷ್ಟಿ ಮಾಡಿದ ಪಾತ್ರದ ಬಗ್ಗೆ ನಿಮಗೆ ಹೇಳುವುದು ಅತಿಯಾಯಿತು ಅನ್ನಿಸಬಹುದು. ಆದರೆ ಶನಿವಾರ ನೋಡಿದ ಮೇಲೆ, ನೀವು ಮರೆತಿದ್ದೀರಿ ಅಂತಲೇ ನನಗೆ ಅನ್ನಿಸಿತು.

ಧಾರಾವಾಹಿ ಶುರುವಾದ ಮೊದಲ ವಾರದಲ್ಲೇ ಒಂದು ದೃಶ್ಯ ಇತ್ತು. ಒಬ್ಬ ರೈತ ಚೀಲ ತಂದು ಮಂಡಿ ಮುಂದೆ ಇಳಿಸುತ್ತಾನೆ. ದೊಡ್ಡಮ್ಮ ಅದರಿಂದ ಒಂದು ಕಾಯಿ ತೆಗೆದು, ಕಿವಿ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸಿ, "ಇದು ಇನ್ನೂ ಆಗಿಲ್ಲ ಕಣಪ್ಪ, ನೀರೈತೆ, ವಾಪಸ್ ಅಟ್ಟಕ್ಕೆ ಹಾಕು" ಅನ್ನುತ್ತಾರೆ. ಅಷ್ಟೇ. ನಮ್ಮತ್ತೆ ಎದ್ದು ಕೂತರು. ಯಾಕೆ ಅಂದರೆ ನಮ್ಮ ಕಡೆ ಉಂಡೆ ಕೊಬ್ಬರಿ ಆಗುವುದೇ ಹಾಗೆ. ಕಾಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಹಾಕಿ ಸುಮ್ನೆ ಬಿಡಬೇಕು. ಒಳಗಿನ ನೀರು ತಾನಾಗೇ ಆರಬೇಕು. ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಉಂಡೆ ಗಡಗಡ ಅನ್ನಬೇಕು. ಅದನ್ನು ಕಿವಿಯಲ್ಲೇ ಕೇಳಿ ಹೇಳುತ್ತಾರೆ. ಟೀವಿಯಲ್ಲಿ ಯಾರಾದರೂ ಅದನ್ನು ಸರಿಯಾಗಿ ಮಾಡಿದ್ದು ನಾವು ಕಂಡಿರಲಿಲ್ಲ. ಯಾರೋ ನಮ್ಮ ಕಡೆಯವರನ್ನು ಕೇಳಿ ಬರೆದಿದ್ದಾರೆ ಅಂತ ಅವತ್ತೇ ಗೊತ್ತಾಯಿತು.

ಆಮೇಲೆ ಅವರ ಮಾತು. ಬೇರೆ ಧಾರಾವಾಹಿಗಳಲ್ಲಿ ಹಳ್ಳಿಯವರು ಅಂದರೆ ಎಲ್ಲೂ ಇಲ್ಲದ ಒಂದು ಭಾಷೆ ಆಡಿಸುತ್ತಾರೆ. ದೊಡ್ಡಮ್ಮ ಹಾಗಲ್ಲ. ತಿಪಟೂರು ಸಂತೆಯಲ್ಲಿ ಪಕ್ಕದಲ್ಲಿ ನಿಂತು ಮಾತಾಡಿದ ಹಾಗೆ ಮಾತಾಡುತ್ತಿದ್ದರು. ಗಂಡ ಸತ್ತ ಮೇಲೆ ಮಂಡಿ ಲೆಕ್ಕ ಕೈಗೆ ತೆಗೆದುಕೊಂಡ ಹೆಂಗಸು. ಮೈದುನನನ್ನು ಓದಿಸಿದರು. ಅವನಿಗೆ ಮದುವೆ ಮಾಡಿದರು. ಆ ಮನೆ ಸೊಸೆಗೆ ಲೆಕ್ಕ ಬರೆಯುವುದನ್ನು ಕಲಿಸಿದರು. ರೈತರಿಗೆ ರಶೀದಿ ಬದಲು ಬಿಳಿ ಚೀಟಿ ಕೊಟ್ಟು ಕಳಿಸುತ್ತಿದ್ದ ಗುಮಾಸ್ತನನ್ನು ಎಲ್ಲರ ಮುಂದೆ ನಿಲ್ಲಿಸಿ, "ರಶೀದಿ ಕೊಡಕ್ಕಾಗ್ದೆ ಇದ್ರೆ ತಕ್ಕಡಿ ಮುಟ್ಬೇಡ" ಅಂದಿದ್ದರು. ಆ ಮಾತನ್ನು ನಮ್ಮೂರಲ್ಲಿ ಎಷ್ಟು ಜನ ಎಷ್ಟು ಸಲ ಹೇಳಿದ್ದಾರೋ ಲೆಕ್ಕ ಇಲ್ಲ.

2023ರಲ್ಲಿ ಕೊಬ್ಬರಿ ರೇಟು ಬೆಂಬಲ ಬೆಲೆಗಿಂತ ತುಂಬ ಕೆಳಗೆ ಬಿತ್ತು. ಉಂಡೆ ಕೊಬ್ಬರಿಗೆ ಆ ವರ್ಷ ಸರ್ಕಾರ ಕಟ್ಟಿದ್ದು ಕ್ವಿಂಟಾಲ್‌ಗೆ 11,750 ರೂಪಾಯಿ. ಮಾರುಕಟ್ಟೆಯಲ್ಲಿ ಅದರ ಹತ್ತಿರಕ್ಕೂ ಹೋಗಲಿಲ್ಲ. ನಮ್ಮ ಜಿಲ್ಲೆಯ ರೈತರು ಬೀದಿಗೆ ಬಂದರು. ಅದೇ ದಿನಗಳಲ್ಲಿ ನಿಮ್ಮ ಧಾರಾವಾಹಿಯಲ್ಲಿ ದೊಡ್ಡಮ್ಮ ರಾತ್ರಿ ಲೆಕ್ಕದ ಪುಸ್ತಕ ಮುಂದಿಟ್ಟುಕೊಂಡು, ಯಾವ ರೈತನಿಗೆ ಎಷ್ಟು ಸಾಲ ಇದೆ ಅಂತ ಬೆರಳಲ್ಲಿ ಎಣಿಸುತ್ತಾ ಕೂತಿದ್ದ ಒಂದು ಸಂಚಿಕೆ ಬಂತು. ಅದರಲ್ಲಿ ಜಗಳ ಇರಲಿಲ್ಲ, ವಿಷ ಹಾಕುವ ಸೊಸೆ ಇರಲಿಲ್ಲ. ಆದರೂ ನಮ್ಮ ಮನೆಯಲ್ಲಿ ಒಬ್ಬರೂ ಎದ್ದು ಹೋಗಲಿಲ್ಲ. ಅಷ್ಟು ಚೆನ್ನಾಗಿ ಬರೆಯುವವರು ನೀವು. ಅದಕ್ಕೇ ಈ ನೋವು ಜಾಸ್ತಿ.

ನಮ್ಮತ್ತೆಗೆ ಈಗ 78. ಮಾವ ತೀರಿಕೊಂಡಾಗ ಅವರಿಗೆ 34. ಮೂರು ಮಕ್ಕಳು, ಎರಡು ಎಕರೆ ತೋಟ. ಕಾಯಿ ಲೆಕ್ಕವನ್ನು ಅವರು ಗೋಡೆ ಮೇಲೆ ಇದ್ದಿಲಲ್ಲಿ ಗೆರೆ ಎಳೆದು ಇಡುತ್ತಿದ್ದರಂತೆ. ಹಳೇ ಮನೆ ಕೆಡವುವವರೆಗೂ ಆ ಗೆರೆಗಳು ಇದ್ದವು, ನಾನೇ ನೋಡಿದ್ದೇನೆ. ಆ ಕಾಲದ ಮಾತನ್ನು ಅವರು ಯಾರ ಹತ್ತಿರವೂ ಎತ್ತುತ್ತಿರಲಿಲ್ಲ. ನಾನು ಸೊಸೆಯಾಗಿ ಬಂದು 26 ವರ್ಷ ಆಯಿತು, ನನಗೂ ಹೇಳಿರಲಿಲ್ಲ. ದೊಡ್ಡಮ್ಮನನ್ನು ನೋಡುವುದಕ್ಕೆ ಶುರು ಮಾಡಿದ ಮೇಲೆ ಒಂದೊಂದಾಗಿ ಹೇಳಿದರು. ಜಾಹೀರಾತು ಬಂದಾಗ ಹೇಳುತ್ತಿದ್ದರು, ಧಾರಾವಾಹಿ ಶುರುವಾದ ತಕ್ಷಣ ನಿಲ್ಲಿಸುತ್ತಿದ್ದರು. ನನ್ನ ಮಗಳು ಅದನ್ನೆಲ್ಲ ಒಂದು ನೋಟ್‌ಬುಕ್ಕಲ್ಲಿ ಬರೆದಿಟ್ಟಿದ್ದಾಳೆ. ಇದು ನಿಮ್ಮ ಪಾತ್ರದಿಂದ ನಮ್ಮ ಮನೆಗೆ ಬಂದ ಭಾಗ್ಯ. ಇದಕ್ಕೆ ನಾನು ನಿಮಗೆ ಋಣಿ.

ಈಗ ಶನಿವಾರದ ವಿಷಯ.

ಹಿಂದಿನ ವಾರ ಪೂರ್ತಿ ನೀವು ಪ್ರೋಮೋ ಹಾಕಿದಿರಿ. ದೊಡ್ಡಮ್ಮನ ವಿದಾಯ, ಯಾರೂ ಮರೆಯಲಾಗದ ಒಂದು ಗಂಟೆ, ಅಂತ. ಪ್ರೋಮೋದಲ್ಲಿ ದೊಡ್ಡಮ್ಮ ಬಾಗಿಲಲ್ಲಿ ತಿರುಗಿ ನಿಂತು ಏನೋ ಹೇಳಲು ಬಾಯಿ ತೆರೆಯುತ್ತಾರೆ, ಅಲ್ಲಿಗೆ ಕಟ್ ಆಗುತ್ತದೆ. ಏನು ಹೇಳುತ್ತಾರೆ ಅಂತ ನಮ್ಮ ಬೀದಿಯಲ್ಲಿ ಎಲ್ಲರೂ ಊಹೆ ಮಾಡಿದ್ದೇ ಮಾಡಿದ್ದು. ಅವತ್ತು ನಾನು ಸಂಜೆಯೇ ಮಿಷನ್ ಮುಚ್ಚಿದೆ. ಏಳೂವರೆಗೆಲ್ಲ ಮುದ್ದೆ ತಿರುವಿ ಊಟ ಮುಗಿಸಿದೆವು. ಪಕ್ಕದ ಮನೆಯ ಮೂವರು ಬಂದರು. ಅತ್ತೆ ಒಗೆದ ಸೀರೆ ಉಟ್ಟು, ತಲೆ ಬಾಚಿಕೊಂಡು ಕುರ್ಚಿಯಲ್ಲಿ ಕೂತರು. ಯಾರನ್ನಾದರೂ ಬೀಳ್ಕೊಡಬೇಕಾದರೆ ಹಾಗೇ ಅಲ್ವಾ ಕೂರುವುದು.

ಸಂಚಿಕೆ ನೋಡಿ ತುಂಬ ಬೇಜಾರಾಯಿತು. ಬೇಜಾರಲ್ಲಿ ಬರೆದರೆ ತಪ್ಪಾಗುತ್ತದೆ ಅಂತ, ಮಾರನೇ ದಿನ ಮಗಳ ಮೊಬೈಲಲ್ಲಿ ಇನ್ನೊಮ್ಮೆ ಹಾಕಿಸಿ, ಗಡಿಯಾರ ಇಟ್ಟುಕೊಂಡು ನೋಡಿದೆ. ಜಾಹೀರಾತು ಬಿಟ್ಟರೆ ಸಂಚಿಕೆ ಇದ್ದದ್ದು 46 ನಿಮಿಷ. ಅದರಲ್ಲಿ 14 ನಿಮಿಷ ಹಳೇ ದೃಶ್ಯಗಳು. ಎಲ್ಲರ ಮುಖವನ್ನು ಸುತ್ತಿ ಸುತ್ತಿ, ಗುಡುಗಿನ ಸದ್ದು ಹಾಕಿ ತೋರಿಸಿದ್ದು 9 ನಿಮಿಷ. ಕಿರಿಯ ಸೊಸೆ ಬಟ್ಟೆ ಒಗೆಯುತ್ತಾ ಒಂದು ಸೋಪಿನ ಪುಡಿಯನ್ನು ಹೊಗಳಿದ್ದು ಸುಮಾರು ಎರಡು ನಿಮಿಷ. ದೊಡ್ಡಮ್ಮ ಆ ದಿನಕ್ಕೇ ಅಂತ ನಟಿಸಿದ ದೃಶ್ಯ ಎಲ್ಲ ಸೇರಿ ಐದು ನಿಮಿಷ ಇಲ್ಲ. ಅದರಲ್ಲಿ ಅವರು ಆಡಿದ್ದು ಮೂರು ಮಾತು. "ಆಯ್ತಪ್ಪ." "ನಂದೇ ತಪ್ಪು." "ಎಲ್ರೂ ಚೆನ್ನಾಗಿರಿ."

ಮಾತು ಕಡಿಮೆ ಆಯಿತು ಅನ್ನುವುದಷ್ಟೇ ನನ್ನ ದೂರಲ್ಲ. ಯಾವ ಜಾಗದಲ್ಲಿ ಸುಮ್ಮನಾಗಿಸಿದಿರಿ ನೋಡಿ. ತಿಜೋರಿಯಲ್ಲಿದ್ದ 20 ಲಕ್ಷ ಕಾಣೆಯಾಗಿದೆ ಅಂತ ಮೈದುನ ಕೂಗಾಡುತ್ತಾನೆ. ನೀನೇ ತೆಗೆದಿದ್ದೀಯ ಅಂತ ದೊಡ್ಡಮ್ಮನ ಮೇಲೆ ಹೊರಿಸುತ್ತಾನೆ. ನಾಲ್ಕು ವರ್ಷ ಒಂದು ರೂಪಾಯಿ ಹೆಚ್ಚುಕಡಿಮೆ ಆದರೂ ರಾತ್ರಿಯೆಲ್ಲ ಕೂತು ಹುಡುಕಿದ ಹೆಂಗಸು ಅವರು. ಲೆಕ್ಕದ ಪುಸ್ತಕ ಅದೇ ಕೋಣೆಯಲ್ಲಿ, ಅವರ ಹಿಂದಿನ ಕಪಾಟಿನ ಮೇಲೆ ಇತ್ತು. ಕೆಂಪು ಬಟ್ಟೆ ಹೊದಿಸಿದ ಅದೇ ಪುಸ್ತಕ. ಕ್ಯಾಮೆರಾದಲ್ಲಿ ಕಾಣುತ್ತಿತ್ತು. ನಮ್ಮ ಮನೆಯಲ್ಲಿ ಕೂತಿದ್ದ ಆರು ಜನರೂ ಅದನ್ನೇ ನೋಡುತ್ತಿದ್ದೆವು. ಈಗ ತೆಗೆಯುತ್ತಾರೆ, ಈಗ ತೆಗೆಯುತ್ತಾರೆ ಅಂತ. ಅವರು ತಲೆ ತಗ್ಗಿಸಿ "ನಂದೇ ತಪ್ಪು" ಅಂದುಬಿಟ್ಟರು.

ಯಾಕೆ? ಅವರು ಯಾರನ್ನೋ ಕಾಪಾಡಲು ಹಾಗೆ ಹೇಳಿದರು ಅಂತ ಕಥೆಯಲ್ಲಿ ಇದ್ದಿದ್ದರೆ ಒಪ್ಪುತ್ತಿದ್ದೆವು. ಅದರ ಒಂದು ಸುಳಿವೂ ಇಲ್ಲ. ಅವರು ಹೋಗಬೇಕಿತ್ತು, ಹೋಗುವುದಕ್ಕೆ ಒಂದು ಕಾರಣ ಬೇಕಿತ್ತು, ಕೈಗೆ ಸಿಕ್ಕಿದ ಕಾರಣ ಇಟ್ಟಿರಿ. ನನಗೆ ಕಂಡದ್ದು ಇಷ್ಟೇ.

ಕೊನೆಯ ದೃಶ್ಯ. ದೊಡ್ಡಮ್ಮ ಅಂಗಳ ದಾಟಿ ಹೋಗುತ್ತಾರೆ, ಬೆನ್ನು ಮಾತ್ರ ಕಾಣುತ್ತದೆ. ಮಗಳು ತಕ್ಷಣ, "ಅಮ್ಮ, ಅದು ದೊಡ್ಡಮ್ಮ ಅಲ್ಲ" ಅಂದಳು. ನಾನು ಸುಮ್ನಿರೇ ಅಂದೆ. ಎರಡನೇ ಸಲ ನೋಡಿದಾಗ ಅವಳು ಹೇಳಿದ್ದೇ ಸರಿ ಅನ್ನಿಸಿತು. ದೊಡ್ಡಮ್ಮನಿಗೆ ಎಡಗಾಲಿನ ಮಂಡಿ ನೋವು, ಮೆಟ್ಟಿಲು ಇಳಿಯುವಾಗ ಯಾವತ್ತೂ ಬಲಗಾಲು ಮೊದಲು ಇಡುವುದಿಲ್ಲ. ನಾಲ್ಕು ವರ್ಷ ಆ ಕಲಾವಿದೆ ಒಂದು ದಿನವೂ ಅದನ್ನು ಮರೆತಿರಲಿಲ್ಲ. ಶನಿವಾರ ಇಳಿದವರು ಸರಸರ ಇಳಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದೂ ಬೇರೆ ಕಡೆ. ನಾನು ದಿನವೂ ಬಟ್ಟೆ ಮಧ್ಯೆ ಬದುಕುವವಳು, ಅದು ನನ್ನ ಕಣ್ಣಿಗೆ ಬೀಳದೇ ಇರುತ್ತದಾ?

ಆಮೇಲೆ ಆ ಬೀಗದಕೈ ಗೊಂಚಲು. ದೊಡ್ಡಮ್ಮನ ಸೊಂಟದಲ್ಲಿ ಆ ಗೊಂಚಲು ಇಲ್ಲದ ಒಂದು ದೃಶ್ಯವನ್ನೂ ನಾವು ಕಂಡಿಲ್ಲ. ಅವರು ಬರುವ ಮೊದಲು ಅದರ ಸದ್ದು ಬರುತ್ತಿತ್ತು. ಲೆಕ್ಕ ಕಲಿಸಿದ ಆ ಸೊಸೆಗೆ ಒಂದೊಂದೇ ಕೀಲಿ ಯಾವುದಕ್ಕೆ ಅಂತ ಹೇಳಿಕೊಟ್ಟ ದೃಶ್ಯ ಎಷ್ಟು ಚೆನ್ನಾಗಿತ್ತು! ಅವತ್ತೇ ನಮಗೆಲ್ಲ ಗೊತ್ತಾಗಿತ್ತು, ಒಂದು ದಿನ ಈ ಗೊಂಚಲು ಈ ಹುಡುಗಿ ಕೈಗೆ ಹೋಗುತ್ತದೆ ಅಂತ. ಶನಿವಾರ ಅದು ಊಟದ ಮೇಜಿನ ಮೇಲೆ ಬಿದ್ದಿತ್ತು. ಯಾರು ಇಟ್ಟರು, ಯಾವಾಗ ಇಟ್ಟರು, ತೋರಿಸಲೇ ಇಲ್ಲ. ಸೋಮವಾರದ ಸಂಚಿಕೆಯಲ್ಲಿ ಅದೇ ಮೇಜಿನ ಮೇಲೆ ತಿಂಡಿ ತಟ್ಟೆ ಇಟ್ಟರು. ಗೊಂಚಲೂ ಇಲ್ಲ, ದೊಡ್ಡಮ್ಮನ ಮಾತೂ ಇಲ್ಲ. ಆ ಮನೆಯ ಒಬ್ಬರೂ "ಅವರು ಊಟ ಮಾಡಿದರೋ ಇಲ್ವೋ" ಅಂತ ಕೂಡ ಅನ್ನಲಿಲ್ಲ. ನಮ್ಮಲ್ಲಿ ಒಂದು ಹಸು ಮಾರಿದರೂ ನಾಲ್ಕು ದಿನ ಕೊಟ್ಟಿಗೆ ಕಡೆ ನೋಡಲು ಆಗುವುದಿಲ್ಲ.

ಆ ಕಲಾವಿದೆ ಧಾರಾವಾಹಿ ಬಿಟ್ಟಿದ್ದಾರೆ ಅಂತ ನಮಗೂ ಅರ್ಥವಾಗುತ್ತದೆ. ಯಾಕೆ ಬಿಟ್ಟರು ಅನ್ನುವುದು ಅವರ ಮತ್ತು ನಿಮ್ಮ ವಿಷಯ. ಅವರಿಗೂ ಮನೆ ಇದೆ, ಆರೋಗ್ಯ ಇದೆ, ಬೇರೆ ಕೆಲಸ ಇರಬಹುದು. ದಿನವೂ ಬರುವ ಧಾರಾವಾಹಿಯಲ್ಲಿ ಯಾರಾದರೂ ಹೊರಟರೆ ಬರೆಯುವವರಿಗೆ ಎಷ್ಟು ಕಷ್ಟ ಅನ್ನುವುದನ್ನೂ ಊಹಿಸಬಲ್ಲೆ. ಗಿರಾಕಿ ಮದುವೆ ಹಿಂದಿನ ದಿನ ಬಂದು ಬ್ಲೌಸ್ ಬದಲಾಯಿಸಿ ಅಂದರೆ ನನಗೂ ಕೈಕಾಲು ಆಡುವುದಿಲ್ಲ. ಆದರೂ ಇದ್ದ ಬಟ್ಟೆ ಕೆಡಿಸದೆ ಹೊಲಿಯಬೇಕು.

ನಿಮ್ಮ ಮುಂದೆ ದಾರಿಗಳಿದ್ದವು. ಬೇರೆ ಕಲಾವಿದೆಯನ್ನು ತರಬಹುದಿತ್ತು. "ಇನ್ನು ಮುಂದೆ ಈ ಪಾತ್ರದಲ್ಲಿ" ಅಂತ ಕೆಳಗೆ ಅಕ್ಷರ ಹಾಕಿ ಎಷ್ಟು ಸಲ ಬದಲಾಯಿಸಿಲ್ಲ ನೀವೆಲ್ಲ, ನಾವು ಒಂದು ವಾರ ಗೊಣಗಿ ಹೊಂದಿಕೊಂಡಿಲ್ವಾ? ತವರಿಗೆ ಕಳಿಸಬಹುದಿತ್ತು. ಸಾಯಿಸಿದ್ದರೂ ಅತ್ತು ಸಮಾಧಾನ ಮಾಡಿಕೊಳ್ಳುತ್ತಿದ್ದೆವು. ಸತ್ತವರ ಹೆಸರು ಮನೆಯಲ್ಲಿ ಉಳಿಯುತ್ತದೆ. ಕಳ್ಳಿ ಅನ್ನಿಸಿಕೊಂಡು, ಮಾತಾಡದೆ ಹೋದವರದ್ದು ಏನು ಉಳಿಯುತ್ತದೆ?

ನಾನು ನಾಟಕದ ಮನೆಯಲ್ಲಿ ಹುಟ್ಟಿದವಳು. ನಮ್ಮಪ್ಪ ಊರ ಹಬ್ಬಕ್ಕೆ ಆಡುತ್ತಿದ್ದ ಕುರುಕ್ಷೇತ್ರದಲ್ಲಿ ಕರ್ಣನ ಪಾರ್ಟು ಮಾಡುತ್ತಿದ್ದರು. ನಮ್ಮ ಗುಬ್ಬಿ ಅಂದರೆ ನಾಟಕದ ಊರು. 1884ರಲ್ಲಿ ಇಲ್ಲೇ ಶುರುವಾದ ಕಂಪನಿಯನ್ನು ಆಮೇಲೆ ಗುಬ್ಬಿ ವೀರಣ್ಣನವರು ನಡೆಸಿದರು, ರಂಗದ ಮೇಲೆ ಆನೆ ಕುದುರೆ ತಂದು ಕುರುಕ್ಷೇತ್ರ ಆಡಿಸಿದರು. ರಾಜ್‌ಕುಮಾರ್ ಅವರೂ ಆ ಕಂಪನಿಯಲ್ಲಿ ಪಳಗಿದವರು. ನಮ್ಮಪ್ಪನ ತಂಡಕ್ಕೆ ಆನೆ ಇರಲಿಲ್ಲ. ಬಾಡಿಗೆ ಸೀನರಿ, ಒಬ್ಬ ಹಾರ್ಮೋನಿಯಂ ಮೇಷ್ಟ್ರು, ಪಾರ್ಟಿಗೆ ಇಷ್ಟು ಅಂತ ಕೈಯಿಂದ ದುಡ್ಡು ಹಾಕಿದ ರೈತರು. ಕರ್ಣ ಸಾಯುವ ಹೊತ್ತಿಗೆ ಬೆಳಗಿನ ಜಾವ ನಾಲ್ಕಾಗಿರುತ್ತಿತ್ತು. ಚಾಪೆ ಮೇಲೆ ಮಕ್ಕಳೆಲ್ಲ ಮಲಗಿರುತ್ತಿದ್ದರು. ಆದರೂ ಮೇಷ್ಟ್ರು ಅವಸರ ಮಾಡುತ್ತಿರಲಿಲ್ಲ. ಅಪ್ಪ ರಥದ ಗಾಲಿಗೆ ಒರಗಿ ಕೂತು ಕಂದಪದ್ಯ ಹೇಳಿ, ಹಾಡು ಹೇಳಿ, ಆಡಬೇಕಾದ ಮಾತೆಲ್ಲ ಆಡಿ ಮುಗಿಸುವವರೆಗೂ ಹಾರ್ಮೋನಿಯಂ ಮೇಲಿನ ಕೈ ಎತ್ತುತ್ತಿರಲಿಲ್ಲ. ಪರದೆ ಎಳೆಯುವವನು ಹಗ್ಗ ಹಿಡಿದು ಕಾಯುತ್ತಿದ್ದ. ಒಂದು ವರ್ಷ ಮಳೆ ಹನಿಯುತ್ತಿತ್ತು. ಬೇಗ ಮುಗಿಸೋಣ ಅಂತ ಯಾರೋ ಅಂದಿದ್ದಕ್ಕೆ ಮೇಷ್ಟ್ರು, "ಕರ್ಣನ್ನ ಹಂಗೆಲ್ಲ ಕಳ್ಸಕ್ಕಾಗಲ್ಲ" ಅಂದಿದ್ದು ನನಗೆ ಇವತ್ತಿಗೂ ನೆನಪಿದೆ. ಜನ ತಲೆ ಮೇಲೆ ಗೋಣಿಚೀಲ ಹಾಕಿಕೊಂಡು ಕೂತಿದ್ದರು.

ದುಡ್ಡಿಲ್ಲದ ಆ ತಂಡಕ್ಕೆ ಸಾಧ್ಯವಾಗಿದ್ದು ನಿಮಗೆ ಯಾಕೆ ಆಗಲಿಲ್ಲ ಅನ್ನುವುದೇ ನನ್ನ ಪ್ರಶ್ನೆ.

ನಮ್ಮಲ್ಲಿ ಮನೆಯಿಂದ ಹೊರಡುವವರು "ಹೋಗ್ತೀನಿ" ಅನ್ನುವುದಿಲ್ಲ. "ಹೋಗಿ ಬರ್ತೀನಿ" ಅನ್ನುತ್ತಾರೆ. ಬಾಯಿತಪ್ಪಿ ಹೋಗ್ತೀನಿ ಅಂದರೆ ಹಿರಿಯರು ಬೈಯುತ್ತಾರೆ. ದೊಡ್ಡಮ್ಮನೂ ಮಂಡಿಗೆ ಹೊರಡುವಾಗ ದೇವರ ಗೂಡಿನ ಕಡೆ ತಿರುಗಿ "ಬರ್ತೀನಪ್ಪ" ಅಂದೇ ಹೊಸಿಲು ದಾಟುತ್ತಿದ್ದರು. ಶನಿವಾರ ಅದೂ ಇಲ್ಲ. ಸಂಚಿಕೆ ಮುಗಿದ ಮೇಲೆ ಪಕ್ಕದ ಮನೆಯವರು ಏನೂ ಮಾತಾಡದೆ ಎದ್ದು ಹೋದರು. ಅತ್ತೆ ತುಂಬ ಹೊತ್ತು ಹಾಗೇ ಕೂತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಯಾಕೆ ಮಾತಾಡ್ಲಿಲ್ಲ ಅವ್ಳು? ಪುಸ್ತಕ ಅಲ್ಲೇ ಇತ್ತಲ್ಲ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತಿನಿಂದ ಎಂಟೂವರೆಗೆ ಅವರೇ ಎದ್ದು ಟೀವಿ ಆರಿಸುತ್ತಿದ್ದಾರೆ. ತೋಟದ ಹಳೇ ಮಾತೂ ನಿಂತುಹೋಗಿದೆ.

ಪ್ರತಿ ಗುರುವಾರ ನಿಮ್ಮ ಕೈಗೆ ಟಿಆರ್‌ಪಿ ಬರುತ್ತದೆ. ಅದನ್ನು ಅಳೆಯುವ ಮೀಟರ್ ಇರುವುದು ಇಡೀ ದೇಶದಲ್ಲಿ ಕೆಲವು ಹತ್ತು ಸಾವಿರ ಮನೆಗಳಲ್ಲಿ. ನಮ್ಮ ಮನೆಯಲ್ಲಿ ಇಲ್ಲ. ಅತ್ತೆ ಟೀವಿ ಆರಿಸಿದ್ದು ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ಶನಿವಾರದ ನಂಬರ್ ಚೆನ್ನಾಗೇ ಬಂದಿರಬಹುದು, ನಾವೆಲ್ಲ ಕೂತು ನೋಡಿದ್ದೇವಲ್ಲ. ನೋಡಿದ ಮೇಲೆ ಏನಾಯಿತು ಅನ್ನುವುದು ಆ ನಂಬರಿನಲ್ಲಿ ಇರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. 2019ರಿಂದ ಯಾವ ಚಾನೆಲ್ ಬೇಕು ಅಂತ ನಾವೇ ಆರಿಸಿ ದುಡ್ಡು ಕಟ್ಟುತ್ತಿದ್ದೇವೆ. ನಮ್ಮ ಮನೆಯಲ್ಲಿ ನಿಮ್ಮ ಚಾನೆಲ್ ಹಾಕಿಸಿದ್ದೇ ದೊಡ್ಡಮ್ಮನಿಗೋಸ್ಕರ.

ಮಗಳು ಹುಡುಕಿ ಹೇಳಿದಳು, 2021ರಲ್ಲಿ ಬಂದ ನಿಯಮದ ಪ್ರಕಾರ ವೀಕ್ಷಕರು ದೂರು ಕೊಟ್ಟರೆ ವಾಹಿನಿಯವರು 24 ಗಂಟೆ ಒಳಗೆ ಬಂತು ಅಂತ ತಿಳಿಸಬೇಕು, 15 ದಿನದಲ್ಲಿ ಇತ್ಯರ್ಥ ಮಾಡಬೇಕು ಅಂತ. ಆದರೆ ಅದು ಟೀವಿಯಲ್ಲಿ ಏನು ತೋರಿಸಬಾರದು ಅಂತ ಹೇಳುವ ಕಾರ್ಯಕ್ರಮ ಸಂಹಿತೆ ಮೀರಿದ್ದಕ್ಕೆ. ನೀವು ಯಾವ ಕಾನೂನನ್ನೂ ಮೀರಿಲ್ಲ. ಒಂದು ಪಾತ್ರಕ್ಕೆ ಅನ್ಯಾಯ ಮಾಡಿದ್ದೀರಿ. ಅದಕ್ಕೆ ಯಾವ ಕಚೇರಿಯಲ್ಲೂ ಅರ್ಜಿ ನಮೂನೆ ಇಲ್ಲ, ಹಾಗಾಗಿ ಎಲ್ಲರ ಮುಂದೆ ಈ ಪತ್ರ.

ಕೇಳುವುದು ಜಾಸ್ತಿ ಇಲ್ಲ. ಆ 20 ಲಕ್ಷ ಯಾರು ತೆಗೆದರು ಅಂತ ಕಥೆಯಲ್ಲಿ ಹೊರಗೆ ಬರಲಿ. ದೊಡ್ಡಮ್ಮ ಕಳ್ಳಿ ಅಲ್ಲ ಅಂತ ಆ ಮೈದುನನ ಬಾಯಲ್ಲೇ, ಅದೇ ಅಂಗಳದಲ್ಲಿ, ರೈತರೆಲ್ಲ ನಿಂತಿರುವಾಗ ಹೇಳಿಸಿ. ಇದಕ್ಕೆ ಆ ಕಲಾವಿದೆ ಬರಲೇಬೇಕು ಅಂತಿಲ್ಲ. ಲೆಕ್ಕದ ಪುಸ್ತಕ ಇದೆಯಲ್ಲ, ಆ ಸೊಸೆ ತೆಗೆದು ಓದಲಿ. ಅದರಲ್ಲಿ ದೊಡ್ಡಮ್ಮನ ಕೈಬರಹ ಇದೆ, ಅದೇ ಮಾತಾಡುತ್ತದೆ. ಗೊಂಚಲು ಎಲ್ಲಿದ್ದರೂ ಹುಡುಕಿ ಆ ಹುಡುಗಿಯ ಸೊಂಟಕ್ಕೆ ಸಿಕ್ಕಿಸಿ. ಆ ಕಲಾವಿದೆ ಒಪ್ಪಿದರೆ, ಒಂದು ಫೋನ್ ಕರೆಯಲ್ಲಿ ಅವರ ದನಿ ಕೇಳಿಸಿ. ಒಂದು ನಿಮಿಷ ಸಾಕು.

ಇನ್ನೊಂದು, ಇದು ಮುಂದಿನವರಿಗೋಸ್ಕರ. ಯಾರಾದರೂ ಬಿಡುತ್ತಾರೆ ಅಂತ ಗೊತ್ತಾದ ದಿನವೇ ಬರೆಯುವವರಿಗೆ ತಿಳಿಸಿ, ಅವರಿಗೆ ಸಮಯ ಕೊಡಿ. ಇಲ್ಲದ ದೃಶ್ಯವನ್ನು ಇದೆ ಅಂತ ಪ್ರೋಮೋದಲ್ಲಿ ತೋರಿಸಬೇಡಿ. ಬಾಗಿಲಲ್ಲಿ ತಿರುಗಿ ನಿಂತ ದೊಡ್ಡಮ್ಮ ಏನೋ ಹೇಳಲು ಬಾಯಿ ತೆರೆದರಲ್ಲ, ಆ ದೃಶ್ಯ ಸಂಚಿಕೆಯಲ್ಲಿ ಬರಲೇ ಇಲ್ಲ. ನಾನು ಎರಡು ಸಲ ನೋಡಿದ್ದೇನೆ. ಅದನ್ನು ಚಿತ್ರೀಕರಣ ಮಾಡಿ ತೆಗೆದುಹಾಕಿದಿರೋ ಏನೋ. ಚಿತ್ರೀಕರಣ ಮಾಡಿದ್ದರೆ ದಯವಿಟ್ಟು ಅದನ್ನಾದರೂ ತೋರಿಸಿ.

ನಾಲ್ಕು ವರ್ಷ ಅಷ್ಟು ಪ್ರೀತಿಯಿಂದ ಆ ಪಾತ್ರ ಬರೆದವರು, ನಟಿಸಿದವರು, ಆ ಸೀರೆ ಆರಿಸಿದವರು ಎಲ್ಲರಿಗೂ ನನ್ನ ವಂದನೆ. ಕಾಯಿ ಅಲ್ಲಾಡಿಸುವುದನ್ನು ಸರಿಯಾಗಿ ಕಲಿತು ತೋರಿಸಿದವರು ನೀವು. ಇದನ್ನೂ ಸರಿ ಮಾಡಬಲ್ಲಿರಿ ಅಂತ ನಂಬಿ ಬರೆದಿದ್ದೇನೆ.

ಉತ್ತರ ಬಂದರೆ ಅತ್ತೆಗೆ ಓದಿ ಹೇಳುತ್ತೇನೆ. ಅವರಿಗೆ ಕಿವಿ ಸ್ವಲ್ಪ ಮಂದ, ಕುರ್ಚಿ ಹತ್ತಿರ ಕೂತು ಜೋರಾಗಿ ಓದಬೇಕು.

ಇಂತಿ ನಿಮ್ಮ ವೀಕ್ಷಕಿ,
ಗುಬ್ಬಿ ತಾಲ್ಲೂಕು, ತುಮಕೂರು ಜಿಲ್ಲೆ